ಎತ್ತಿದ ಮುಷ್ಟಿಗಿಂತ ಮೊದಲು ಆ ಪಿನ್ನು ನೋಡಿ

ಪ್ರಶ್ನೆ: ನಾನು ಧಾರವಾಡದಲ್ಲಿ ಚಿತ್ರಕಲೆ ಓದುತ್ತಿದ್ದೇನೆ, ಇದು ಕೊನೆಯ ವರ್ಷ. ಅಮೆರಿಕದ ಕಪ್ಪು ಜನರ ಹೋರಾಟದ ಇತಿಹಾಸದ ಮೇಲೆ ಲಿನೋಕಟ್ (ಲಿನೋ ಹಾಳೆಯನ್ನು ಉಳಿಯಿಂದ ಕೊರೆದು, ಕೊರೆಯದೆ ಉಳಿದ ಭಾಗಕ್ಕೆ ಶಾಯಿ ಹಚ್ಚಿ ಒತ್ತುವ ಅಚ್ಚುಚಿತ್ರ) ಸರಣಿ ಮಾಡಬೇಕು ಅಂತ ಆಸೆ. ಎಂಟು ಸ್ಕೆಚ್ ಆಗಿವೆ: ಎತ್ತಿದ ಮುಷ್ಟಿ, ಮುರಿದ ಸರಪಳಿ, ಬೆನ್ನ ಮೇಲಿನ ಬಾಸುಂಡೆ, 'ನಾನೂ ಮನುಷ್ಯ' ಅನ್ನುವ ಫಲಕ ಹಿಡಿದವರ ಸಾಲು, ಹೀಗೆ. ನಮ್ಮ ಮೇಷ್ಟ್ರು ನೋಡಿ, 'ಪೋಸ್ಟರ್ ಥರ ಇದೆ, ಜೀವ ಇಲ್ಲ' ಅಂದರು. ಗೆಳತಿಯೊಬ್ಬಳು, 'ಅವರ ನೋವನ್ನು ನೀನು ಯಾಕೆ ತಗೋತೀಯ, ನಿನಗೇನು ಹಕ್ಕಿದೆ' ಅಂತ ಕೇಳಿದಳು. ಇಬ್ಬರಿಗೂ ಉತ್ತರ ಕೊಡಲು ಆಗಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಮೇಷ್ಟ್ರ ಮಾತು ತೆಗೆದುಕೊಳ್ಳುತ್ತೇನೆ. ಗೆಳತಿಯ ಮಾತಿಗೆ ಆಮೇಲೆ ಬರೋಣ. ಮೇಷ್ಟ್ರು ಹೇಳಿದ್ದು ಸರಿಹೋದರೆ ಗೆಳತಿ ಕೇಳಿದ್ದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮುಷ್ಟಿ, ಸರಪಳಿ, ಬಾಸುಂಡೆ. ಇವೆಲ್ಲ ಮೊಬೈಲಿನಲ್ಲಿ ಹುಡುಕಿದಾಗ ಮೊದಲು ಬಂದ ಚಿತ್ರಗಳು, ಅಲ್ವಾ? ಅದರಲ್ಲಿ ತಪ್ಪಿಲ್ಲ, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ಬಹಳ ವರ್ಷಗಳ ಹಿಂದೆ ಸರಪಳಿ ಬಿಗಿದ ಎರಡು ಕೈಗಳ ದೊಡ್ಡ ಪ್ರಿಂಟ್ ಮಾಡಿ ಪ್ರದರ್ಶನಕ್ಕೆ ಇಟ್ಟಿದ್ದೆ. ವಯಸ್ಸಾದ ಹೆಂಗಸೊಬ್ಬರು ಅದರ ಮುಂದೆ ತುಂಬಾ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ, 'ಈ ಕೈ ಯಾರದಪ್ಪಾ?' ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅದು ಯಾರ ಕೈಯೂ ಆಗಿರಲಿಲ್ಲ. ಅವತ್ತಿನಿಂದ ಉಳಿ ಹಿಡಿಯುವ ಮೊದಲು ಆ ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ. ನೀವೂ ಎಂಟು ಸ್ಕೆಚ್ಚಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದು ನೋಡಿ: ಇದು ಯಾರು? ಯಾವ ಊರು? ಯಾವ ವರ್ಷ? ಅವತ್ತು ಅವರ ಮೈಮೇಲೆ, ಕೈಯಲ್ಲಿ ಏನಿತ್ತು?

ಮುಷ್ಟಿಯನ್ನೇ ತೆಗೆದುಕೊಳ್ಳಿ. 1968ರ ಅಕ್ಟೋಬರ್ 16, ಮೆಕ್ಸಿಕೋ ಒಲಿಂಪಿಕ್ಸ್. 200 ಮೀಟರ್ ಓಟದಲ್ಲಿ ಚಿನ್ನ ಗೆದ್ದ ಟಾಮಿ ಸ್ಮಿತ್ ಮತ್ತು ಕಂಚು ಗೆದ್ದ ಜಾನ್ ಕಾರ್ಲೋಸ್ ರಾಷ್ಟ್ರಗೀತೆ ಮೊಳಗುವಾಗ ಕಪ್ಪು ಗ್ಲೌಸ್ ಹಾಕಿದ ಕೈ ಎತ್ತಿ ನಿಂತರು. ಆ ಫೋಟೊ ಎಲ್ಲರೂ ನೋಡಿದ್ದಾರೆ. ಈಗ ಅದೇ ಫೋಟೊದಲ್ಲಿ ಕಣ್ಣನ್ನು ಕೆಳಗೆ ತನ್ನಿ. ಇಬ್ಬರ ಕಾಲಲ್ಲೂ ಶೂ ಇಲ್ಲ, ಬರೀ ಕಪ್ಪು ಕಾಲುಚೀಲ. ತಮ್ಮ ಜನರ ಬಡತನ ಕಾಣಲಿ ಅಂತ ಶೂ ಬಿಚ್ಚಿ ವೇದಿಕೆ ಹತ್ತಿದ್ದರು. ಕಾರ್ಲೋಸ್ ತಮ್ಮ ಗ್ಲೌಸ್ ಮರೆತು ಬಂದಿದ್ದರು. ಹಾಗಾಗಿ ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಂಡರು. ಸ್ಮಿತ್ ಎತ್ತಿದ್ದು ಬಲಗೈ, ಕಾರ್ಲೋಸ್ ಎತ್ತಿದ್ದು ಎಡಗೈ. ಮುಷ್ಟಿಯನ್ನು ಸಾವಿರ ಜನ ಬರೆದಿದ್ದಾರೆ. ಒಲಿಂಪಿಕ್ ವೇದಿಕೆ ಮೇಲೆ ಶೂ ಇಲ್ಲದೆ ನಿಂತ ನಾಲ್ಕು ಕಾಲುಗಳನ್ನು ಕೊರೆದು ನೋಡಿ. ನೋಡುವವರೇ ಹತ್ತಿರ ಬಂದು ಕೇಳುತ್ತಾರೆ.

ಇನ್ನು ನಿಮ್ಮ ಮಾಧ್ಯಮಕ್ಕೇ ಬರುತ್ತೇನೆ. ಲಿನೋ ಕೊರೆಯುವವರೆಲ್ಲ ನೋಡಲೇಬೇಕಾದ ಒಂದು ಪ್ರಿಂಟ್ ಇದೆ. ಕಪ್ಪು ಅಮೆರಿಕನ್ ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ 1952ರಲ್ಲಿ ಮಾಡಿದ 'ಶೇರ್‌ಕ್ರಾಪರ್'. ಅಂದರೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುವವಳು. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಮುಗಿಯಿತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಭೂಮಿ ಹೆಚ್ಚಾಗಿ ಹಳೇ ಮಾಲೀಕರ ಕೈಯಲ್ಲೇ ಉಳಿಯಿತು. ಬೀಜಕ್ಕೆ ಸಾಲ, ಊಟಕ್ಕೆ ಸಾಲ. ಹತ್ತಿ ಬಂದ ಮೇಲೆ ಲೆಕ್ಕ ಬರೆಯುವವನೂ ಮಾಲೀಕನೇ. ವರ್ಷದ ಕೊನೆಗೆ ಬೆಳೆಗಿಂತ ಸಾಲವೇ ಜಾಸ್ತಿ. ಈ ಲೆಕ್ಕ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಿಂಟಿನಲ್ಲಿ ಇರುವುದು ಒಬ್ಬ ಹೆಂಗಸಿನ ತಲೆ ಮತ್ತು ಹೆಗಲು, ಅಷ್ಟೇ. ತಲೆ ಮೇಲೆ ಅಗಲ ಅಂಚಿನ ಹುಲ್ಲಿನ ಟೋಪಿ. ಆಕೆ ನಮ್ಮನ್ನು ನೋಡುತ್ತಿಲ್ಲ, ಪಕ್ಕಕ್ಕೆ ಎಲ್ಲೋ ದೂರ ನೋಡುತ್ತಿದ್ದಾಳೆ. ನಾವು ಸ್ವಲ್ಪ ಕೆಳಗೆ ನಿಂತು ಆಕೆಯನ್ನು ತಲೆಯೆತ್ತಿ ನೋಡುವ ಹಾಗಿದೆ. ಕೋಟಿಗೆ ಗುಂಡಿ ಇರಬೇಕಾದ ಜಾಗದಲ್ಲಿ ಒಂದು ಸೇಫ್ಟಿ ಪಿನ್ನು. ಗುಂಡಿ ಹೋಗಿದೆ. ಹೊಸ ಗುಂಡಿ ಬಂದಿಲ್ಲ. ಆದರೂ ಕೋಟು ಬಿಚ್ಚಿಕೊಂಡು ನಿಂತಿಲ್ಲ, ಪಿನ್ನು ಹಾಕಿ ಮುಚ್ಚಿದ್ದಾಳೆ. ಬಡತನ, ಮಾನ, ಹಟ ಮೂರೂ ಆ ಒಂದು ಪಿನ್ನಿನಲ್ಲಿ ಇವೆ. ಒಂದು ಸರಪಳಿಯೂ ಇಲ್ಲ, ಒಂದು ಗಾಯವೂ ಇಲ್ಲ.

ಈಗ ಉಳಿಯ ಗೀರುಗಳನ್ನು ನೋಡಿ. ಟೋಪಿಯ ಮೇಲೆ ಗೀರುಗಳು ಹುಲ್ಲು ಹೆಣೆದ ದಿಕ್ಕಿನಲ್ಲೇ ಓಡುತ್ತವೆ. ಮುಖಕ್ಕೆ ಬಂದರೆ ಅವು ಕೆನ್ನೆಯ ಮೂಳೆಯನ್ನು, ಕುತ್ತಿಗೆಯ ತಿರುವನ್ನು ಹಿಂಬಾಲಿಸುತ್ತವೆ. ಕಪ್ಪು ಚರ್ಮ ಅಂದ ತಕ್ಷಣ ಮುಖವನ್ನು ಕೊರೆಯದೆ ಪೂರ್ತಿ ಕಪ್ಪಾಗಿ ಬಿಟ್ಟುಬಿಡುವುದು ಲಿನೋದಲ್ಲಿ ತುಂಬಾ ಸುಲಭ. ನನ್ನ ವಿದ್ಯಾರ್ಥಿಗಳಲ್ಲಿ ಹತ್ತರಲ್ಲಿ ಎಂಟು ಜನ ಮೊದಲ ಸಲ ಹಾಗೇ ಮಾಡುತ್ತಾರೆ. ಹಾಗೆ ಬಿಟ್ಟರೆ ಮುಖವೇ ಮಾಯವಾಗುತ್ತದೆ, ಬರೀ ಒಂದು ಗುರುತು ಉಳಿಯುತ್ತದೆ. ಕ್ಯಾಟ್ಲೆಟ್ ಆ ಕಪ್ಪಿನೊಳಗೆ ಇಳಿದು ಬೆಳಕನ್ನು ಒಂದೊಂದೇ ಗೀರಾಗಿ ಹೊರಗೆ ತಂದಿದ್ದಾರೆ. ನಿಮ್ಮ ಸರಣಿ ಶುರು ಮಾಡುವ ಮೊದಲು ಮನೆಯವರಲ್ಲಿ ಒಬ್ಬರನ್ನು ಕಿಟಕಿ ಪಕ್ಕ ಕೂರಿಸಿ ಅವರ ಮುಖ ಕೊರೆದು ಕಲಿಯಿರಿ. ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು, ಸುಕ್ಕುಗಳು ಉಳಿಗೆ ದಾರಿ ತೋರಿಸುತ್ತವೆ.

ಕ್ಯಾಟ್ಲೆಟ್ ಬದುಕಿನಿಂದ ಒಂದು ಘಟನೆ ಹೇಳಲೇಬೇಕು. 1941ರಲ್ಲಿ ಅವರು ನ್ಯೂ ಆರ್ಲಿಯನ್ಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಕಲೆ ಕಲಿಸುತ್ತಿದ್ದರು. ಊರಿನ ಮ್ಯೂಸಿಯಂಗೆ ಪಿಕಾಸೋ ಪ್ರದರ್ಶನ ಬಂದಿತ್ತು. ಮ್ಯೂಸಿಯಂ ಇದ್ದದ್ದು ಪಾರ್ಕಿನ ಒಳಗೆ. ಆ ಪಾರ್ಕಿನಲ್ಲಿ ಕಪ್ಪು ಜನ ಕಾಲಿಡುವ ಹಾಗಿರಲಿಲ್ಲ. ಕ್ಯಾಟ್ಲೆಟ್ ಮ್ಯೂಸಿಯಂಗೆ ರಜೆ ಇದ್ದ ದಿನ ಬಾಗಿಲು ತೆರೆಸಿದರು. ವಿದ್ಯಾರ್ಥಿಗಳ ಬಸ್ಸನ್ನು ಸೀದಾ ಬಾಗಿಲ ತನಕ ಒಯ್ದು ನಿಲ್ಲಿಸಿದರು. ಪಾರ್ಕಿನ ನೆಲಕ್ಕೆ ಕಾಲು ತಾಗಿಸದೆ ಹುಡುಗರು ಒಳಗೆ ಹೋಗಿ ಪಿಕಾಸೋ ನೋಡಿದರು. ನೀವು ಸರಣಿಗೆ ವಿಷಯ ಹುಡುಕುತ್ತಿದ್ದೀರಲ್ಲ, ಬಸ್ಸಿನ ಮೆಟ್ಟಿಲಿಗೂ ಮ್ಯೂಸಿಯಂ ಬಾಗಿಲಿಗೂ ನಡುವಿನ ಆ ಎರಡು ಹೆಜ್ಜೆ ಒಂದು ಪೂರ್ತಿ ಬ್ಲಾಕ್ ಆಗುತ್ತದೆ.

ಅವರು 1946ರಲ್ಲಿ ಮೆಕ್ಸಿಕೋಗೆ ಹೋದರು. ಅಲ್ಲಿ ಜನರಿಗಾಗಿ ಕರಪತ್ರ, ಪೋಸ್ಟರ್ ಅಚ್ಚು ಹಾಕುತ್ತಿದ್ದ ಕಲಾವಿದರ ಮುದ್ರಣಾಲಯದಲ್ಲಿ ಕೆಲಸ ಮಾಡಿದರು. ಲಿನೋ ಅಗ್ಗ, ಬೇಗ ಕೊರೆಯಬಹುದು, ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದು. ಅಲ್ಲೇ 1946-47ರಲ್ಲಿ ಕಪ್ಪು ಹೆಂಗಸರ ಮೇಲೆ 15 ಲಿನೋಕಟ್‌ಗಳ ಸರಣಿ ಮಾಡಿದರು. ಗುಲಾಮರನ್ನು ಪಾರು ಮಾಡಿದ ಹ್ಯಾರಿಯೆಟ್ ಟಬ್ಮನ್ ಅಂಥ ಹೆಸರಾದವರ ಪಕ್ಕದಲ್ಲೇ ನೆಲ ಒರೆಸುವವರು, ಹೊಲದಲ್ಲಿ ದುಡಿಯುವವರು ಇದ್ದಾರೆ. ಶೀರ್ಷಿಕೆಗಳನ್ನು ಒಂದರ ಹಿಂದೆ ಒಂದು ಓದಿದರೆ ಒಬ್ಬಳೇ ಹೆಂಗಸು 'ನಾನು' ಅಂತ ತನ್ನ ಕಥೆ ಹೇಳಿದ ಹಾಗೆ ಕೇಳುತ್ತದೆ. ಆ ಸರಣಿಯ ಮೊದಲ ಹೆಸರಿನಲ್ಲಿ 'ನೀಗ್ರೋ' ಅನ್ನುವ ಪದ ಇತ್ತು, ಮುಂದೆ ಅದು ಬದಲಾಯಿತು. ನಮ್ಮ ಹಳೇ ಕನ್ನಡ ಪುಸ್ತಕಗಳಲ್ಲಿ ಆ ಪದ ಈಗಲೂ ಸಿಗುತ್ತದೆ. ನಿಮ್ಮ ಶೀರ್ಷಿಕೆಗಳಲ್ಲಿ ದಯವಿಟ್ಟು ಬೇಡ.

ಈಗ ಫಲಕದ ಸ್ಕೆಚ್. ಎಂಟರಲ್ಲಿ ಇದೇ ನನಗೆ ಹೆಚ್ಚು ಇಷ್ಟವಾಯಿತು. ಆದರೆ ಇದನ್ನೇ ಜಾಸ್ತಿ ತಿದ್ದಬೇಕು.

1968ರ ಫೆಬ್ರವರಿ 1. ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರ. ಜೋರು ಮಳೆ. ಎಕಲ್ ಕೋಲ್, ರಾಬರ್ಟ್ ವಾಕರ್ ಅನ್ನುವ ಇಬ್ಬರು ಪೌರಕಾರ್ಮಿಕರು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗಕ್ಕೆ ಹತ್ತಿದರು. ಕಸ ಒತ್ತುವ ಯಂತ್ರ ಕೆಟ್ಟು ತಾನಾಗೇ ಚಾಲೂ ಆಯಿತು. ಇಬ್ಬರೂ ಒಳಗೇ ಸತ್ತರು. ಫೆಬ್ರವರಿ 12ರಂದು ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಜನ. ಅವರಿಗೆ ಬೆಂಬಲ ಕೊಡಲು ಬಂದಿದ್ದಾಗಲೇ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಗುಂಡಿಗೆ ಬಲಿಯಾದರು. ಮುಷ್ಕರ ಏಪ್ರಿಲ್ 16ಕ್ಕೆ ಒಪ್ಪಂದದಲ್ಲಿ ಮುಗಿಯಿತು. ಆ ಫಲಕ ಈ ಮುಷ್ಕರದ್ದು.

ಫೋಟೊದಲ್ಲಿ ಫಲಕವನ್ನು ಹತ್ತಿರದಿಂದ ನೋಡಿ. ಬಿಳಿ ಹಾಳೆ ಮೇಲೆ ದಪ್ಪ ಕಪ್ಪು ಅಕ್ಷರ. ಇಂಗ್ಲಿಷಿನ ನಾಲ್ಕು ಪದ: ಐ ಆಮ್ ಎ ಮ್ಯಾನ್. ಅದರಲ್ಲಿ 'ಆಮ್' ಕೆಳಗೆ ಮಾತ್ರ ಒಂದು ಗೆರೆ. ಕನ್ನಡಕ್ಕೆ ತರುವಾಗ ಕಷ್ಟ ಇರುವುದೇ ಅಲ್ಲಿ. ಗೆರೆ ಎಳೆದ ಆ ಪದ ನಮ್ಮಲ್ಲಿ ಇಲ್ಲವೇ ಇಲ್ಲ. 'ನಾನು ಮನುಷ್ಯ' ಅಂದರೆ ಮಾತು ಮುಗಿಯಿತು, ನಡುವೆ ಇನ್ನೊಂದು ಪದ ಬೇಕಾಗಿಲ್ಲ. ನೀವು ಆ ಒತ್ತು ತರಲು 'ನಾನೂ' ಅಂತ ದೀರ್ಘ ಮಾಡಿದ್ದೀರಿ. ಆದರೆ 'ನಾನೂ' ಅಂದ ಕೂಡಲೇ 'ನಿಮ್ಮ ಹಾಗೆ ನಾನೂ, ನನ್ನನ್ನೂ ಸೇರಿಸಿಕೊಳ್ಳಿ' ಅಂತ ಕೇಳಿಕೊಂಡ ಹಾಗಾಗುತ್ತದೆ. ಮೆಂಫಿಸ್‌ನವರು ಯಾರನ್ನೂ ಏನೂ ಕೇಳಿಕೊಳ್ಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇನ್ನು 'ಮ್ಯಾನ್'. ಮೊಮ್ಮಕ್ಕಳಿರುವ ಗಂಡಸನ್ನೂ ಬಿಳಿಯರು 'ಬಾಯ್' ಅಂತ ಕರೆಯುತ್ತಿದ್ದ ಕಾಲ ಅದು. ಅಪ್ಪನ ವಯಸ್ಸಿನವರನ್ನು ಜಾತಿ ನೋಡಿ 'ಏ, ಬಾರೋ ಇಲ್ಲಿ' ಅಂತ ಕರೆಯುವುದನ್ನು ನಮ್ಮ ಕಡೆ ಕೇಳಿದವರಿಗೆ ಆ ಫಲಕ ಯಾವ ಮಾತಿಗೆ ಕೊಟ್ಟ ಉತ್ತರ ಅಂತ ತಕ್ಷಣ ಹೊಳೆಯುತ್ತದೆ.

ಹಾಗಾದರೆ ಏನು ಮಾಡುವುದು? 'ಮನುಷ್ಯನೇ' ಅಂತ ಮಾಡಿದರೆ ಯಾರ ಜೊತೆಗೋ ವಾದಕ್ಕೆ ನಿಂತ ಹಾಗಿರುತ್ತದೆ. ನಾನಾಗಿದ್ದರೆ 'ನಾನು ಮನುಷ್ಯ' ಅಂತ ಸುಮ್ನೆ ಎರಡೇ ಪದ ಕೊರೆಯುತ್ತೇನೆ. ಎರಡು ಪದಗಳ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಡುತ್ತೇನೆ. ಗೆರೆಯನ್ನು ಆ ಖಾಲಿ ಜಾಗದ ಕೆಳಗೆ ಎಳೆಯುತ್ತೇನೆ. ಕನ್ನಡದಲ್ಲಿ ಆ ಪದ ನಿಲ್ಲಬೇಕಾದ ಜಾಗ ಅದೇ ತಾನೇ.

ಬೆನ್ನಿನ ಸ್ಕೆಚ್‌ಗೆ ಬಂದಾಗ ಗೆಳತಿಯ ಪ್ರಶ್ನೆಯನ್ನೂ ಎದುರಿಸಬೇಕು. ನೀವು ನೋಡಿ ಬರೆದದ್ದು 1863ರ ಒಂದು ಫೋಟೊ. ಲೂಸಿಯಾನದ ತೋಟದಿಂದ ಓಡಿ ಬಂದ ಒಬ್ಬ ಮನುಷ್ಯ ಬ್ಯಾಟನ್ ರೂಜ್‌ನಲ್ಲಿದ್ದ ಉತ್ತರದ ಸೈನ್ಯದ (ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ದಕ್ಷಿಣದ ವಿರುದ್ಧ ಹೋರಾಡುತ್ತಿದ್ದ ಸೈನ್ಯ) ಶಿಬಿರ ತಲುಪಿದಾಗ ತೆಗೆದದ್ದು. ಆಗಿನ ಪತ್ರಿಕೆ ಗಾರ್ಡನ್ ಅಂತ ಹೆಸರು ಕೊಟ್ಟಿತು. ಪೀಟರ್ ಅಂತಲೂ ದಾಖಲೆ ಇದೆ. ಎಲ್ಲರಿಗೂ ಆ ಬೆನ್ನು ಗೊತ್ತು. ಆದರೆ ಅದೇ ಪತ್ರಿಕೆ ವರದಿಯಲ್ಲಿ ಇನ್ನೊಂದು ಮಾತು ಇದೆ. ಹಿಂದೆ ಬೇಟೆನಾಯಿಗಳು ಬರುತ್ತವೆ ಅಂತ ಗೊತ್ತಿದ್ದ ಆತ ಓಡುವಾಗ ಈರುಳ್ಳಿ ಇಟ್ಟುಕೊಂಡಿದ್ದ. ಹಳ್ಳ ದಾಟಿದ ಮೇಲೆ ಪ್ರತಿ ಸಲ ಮೈಗೆಲ್ಲ ಈರುಳ್ಳಿ ಉಜ್ಜಿಕೊಂಡ, ನಾಯಿಗಳಿಗೆ ವಾಸನೆ ಸಿಗದಿರಲಿ ಅಂತ.

ಬೆನ್ನಿನ ಮೇಲೆ ಇರುವುದು ಮಾಲೀಕ ಮಾಡಿದ್ದು. ಈರುಳ್ಳಿ ಆ ಮನುಷ್ಯ ಮಾಡಿದ್ದು. ನಿಮ್ಮ ಸರಣಿ ಹೋರಾಟದ ಮೇಲೆ ತಾನೇ? ಹಾಗಿದ್ದರೆ ಈರುಳ್ಳಿ ಕೊರೆಯಿರಿ.

ಗಾಯವನ್ನು ತೋರಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. 1955ರಲ್ಲಿ ಎಮೆಟ್ ಟಿಲ್ ಅನ್ನುವ ಷಿಕಾಗೋದ 14 ವರ್ಷದ ಕಪ್ಪು ಹುಡುಗನನ್ನು ಮಿಸಿಸಿಪ್ಪಿಯಲ್ಲಿ ಬಿಳಿಯರು ಹೊಡೆದು ಕೊಂದರು. ಮುಖ ಗುರುತು ಸಿಗದ ಹಾಗಾಗಿತ್ತು. ಅವನ ತಾಯಿ ಮೇಮಿ ಟಿಲ್ ಶವಪೆಟ್ಟಿಗೆ ತೆರೆದೇ ಇಡಿಸಿದರು. ಸಾವಿರಾರು ಜನ ಸಾಲಾಗಿ ಬಂದು ನೋಡಿದರು, ಫೋಟೊ ಪತ್ರಿಕೆಯಲ್ಲಿ ಬಂತು. ಆ ತೀರ್ಮಾನ ತಾಯಿಯದು. ಡೇನಾ ಷುಟ್ಜ್ ಅನ್ನುವ ಬಿಳಿಯ ಕಲಾವಿದೆ ಅದೇ ಮುಖವನ್ನು ಬರೆದ ಪೇಂಟಿಂಗ್ 2017ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಬಂದಾಗ ದೊಡ್ಡ ಪ್ರತಿಭಟನೆ ಆಯಿತು. ಕಪ್ಪು ಕಲಾವಿದನೊಬ್ಬ ಜನರಿಗೆ ಪೇಂಟಿಂಗ್ ಕಾಣದ ಹಾಗೆ ಅದರ ಮುಂದೆ ಅಡ್ಡ ನಿಂತ. ಷುಟ್ಜ್ ಕೆಟ್ಟ ಉದ್ದೇಶದಿಂದ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ಆದರೂ ಆ ಮುಖವನ್ನು ಲೋಕಕ್ಕೆ ತೋರಿಸುವ ಅಧಿಕಾರ ತಾಯಿಯ ಹತ್ತಿರ ಇತ್ತು, ಅವರು ಅದನ್ನು ಒಮ್ಮೆ ಬಳಸಿ ಆಗಿತ್ತು. ನಿಮ್ಮ ಗೆಳತಿ ಕೇಳಿದ್ದು ಒಳ್ಳೆ ಪ್ರಶ್ನೆ. ಅವಳ ಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ನಾನು ಕೊಡುವ ಉತ್ತರ ಇಷ್ಟು. ಅವರ ಗಾಯವನ್ನು ನೀವು ತೆಗೆದುಕೊಳ್ಳಬೇಡಿ. ಅವರ ಜಾಣತನ, ಕೈಕೆಲಸ, ಧೈರ್ಯದಿಂದ ಕಲಿಯಿರಿ. ಯಾರಿಂದ ಕಲಿತೆ ಅಂತ ಪ್ರಿಂಟಿನ ಪಕ್ಕದಲ್ಲೇ ಹೆಸರು ಹಾಕಿ ಬರೆಯಿರಿ. ಈ ಕೊಡುಕೊಳ್ಳುವಿಕೆ ಹೊಸದಲ್ಲ. ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಅವರಿಗೆ ಕಾಗದ ಬರೆದಿದ್ದರು, ಡು ಬಾಯ್ಸ್ ಉತ್ತರವನ್ನೂ ಬರೆದರು. 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಶುರುವಾದಾಗ ಹೆಸರು ಬಂದದ್ದೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಆ ಪಕ್ಷದ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಎಮರಿ ಡಗ್ಲಸ್ ಅವರ ಕೆಲಸವನ್ನೂ ನೋಡಿ. ದುಡ್ಡು ಕಮ್ಮಿ, ಸಿಗುತ್ತಿದ್ದದ್ದು ಕಪ್ಪು ಮತ್ತು ಇನ್ನೊಂದು ಬಣ್ಣ. ಅದಕ್ಕೇ ಅವರ ಗೆರೆ ಅಷ್ಟು ದಪ್ಪ. ಬಂದೂಕಿನ ಚಿತ್ರಗಳೇ ಎಲ್ಲ ಕಡೆ ಓಡಾಡುತ್ತವೆ. ಆದರೆ ಪಕ್ಷ 1969ರಿಂದ ಮಕ್ಕಳಿಗೆ ಬೆಳಗಿನ ತಿಂಡಿ ಉಚಿತವಾಗಿ ಹಾಕುತ್ತಿತ್ತು. ಡಗ್ಲಸ್ ಬಡವರ ಮನೆ, ಅಲ್ಲಿನ ತಾಯಂದಿರು, ಮಕ್ಕಳನ್ನು ಬರೆದದ್ದೂ ಅಷ್ಟೇ ಇದೆ.

ನೀವು ಧಾರವಾಡದಲ್ಲಿ ಇದ್ದೀರಿ ಅನ್ನುವುದಕ್ಕೆ ಇನ್ನೊಂದು ವಿಷಯ. ಅಲಬಾಮಾದಲ್ಲಿ ನದಿಯ ತಿರುವಿನಲ್ಲಿ ಜೀಸ್ ಬೆಂಡ್ ಅನ್ನುವ ಹಳ್ಳಿ ಇದೆ. ಅಲ್ಲಿನ ಕಪ್ಪು ಹೆಂಗಸರು ಹಳೇ ಬಟ್ಟೆಯಲ್ಲಿ ಹೊಲಿದ ಕೌದಿಗಳು ಈಗ ದೊಡ್ಡ ಮ್ಯೂಸಿಯಂಗಳಲ್ಲಿವೆ. 1960ರ ದಶಕದಲ್ಲಿ ಆ ಊರಿನವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟಾಗ ಅಧಿಕಾರಿಗಳು ನದಿ ದಾಟುವ ದೋಣಿಯನ್ನೇ ನಿಲ್ಲಿಸಿಬಿಟ್ಟರು. ಅದು ಮತ್ತೆ ಶುರುವಾದದ್ದು 2006ರಲ್ಲಿ. ಮಿಸೌರಿ ಪೆಟ್ವೇ ಅನ್ನುವವರು 1942ರಲ್ಲಿ ಗಂಡ ತೀರಿಕೊಂಡ ಮೇಲೆ ಅವರ ಹೊಲದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಮಾಡಿಕೊಂಡರು, ನೆನಪಿಗೂ ಆಯಿತು ಹೊದಿಕೆಗೂ ಆಯಿತು ಅಂತ. (ಒಂದು ಎಚ್ಚರಿಕೆ: ಗುಲಾಮರು ಓಡಿಹೋಗುವ ದಾರಿಯನ್ನು ಕೌದಿಯಲ್ಲಿ ಗುಟ್ಟಾಗಿ ಹೊಲಿಯುತ್ತಿದ್ದರು ಅನ್ನುವ ಕಥೆ ಎಲ್ಲ ಕಡೆ ಸಿಗುತ್ತದೆ. ಅದಕ್ಕೆ ಪುರಾವೆ ಇಲ್ಲ ಅಂತ ಇತಿಹಾಸಕಾರರು ಹೇಳುತ್ತಾರೆ. ಸರಣಿಯಲ್ಲಿ ಹಾಕಬೇಡಿ.)

ಕೌದಿ ನಿಮಗೆ ಹೊಸದಲ್ಲ, ಮನೆಯಲ್ಲೇ ಇರಬಹುದು. ಆದರೆ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯನ್ನು ನೀವು ಕೂತು ನೋಡಿದ್ದೀರಾ? ಸಿದ್ದಿಗಳ ಹಿರೀಕರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅಂದರೆ ನೀವು ಅಮೆರಿಕದಲ್ಲಿ ಹುಡುಕುತ್ತಿರುವ ಹೋರಾಟದ ಒಂದು ಎಳೆ ಬಸ್ಸಿನಲ್ಲಿ ಕೆಲವೇ ಗಂಟೆಗಳ ದೂರದಲ್ಲಿದೆ. ಅವರು ಕೌದಿಯನ್ನು ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ತ್ರಿಕೋನದ ಹೂವು ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೋಳು ಅಂತ ಅವರ ಲೆಕ್ಕ. ಹೋಗಿ ನೋಡಿ. ಫೋಟೊ ತೆಗೆಯುವ ಮೊದಲು ಕೇಳಿ. ಕಲಿಸಿದವರಿಗೆ ಅವರ ಹೊತ್ತಿನ ಕೂಲಿ ಕೊಡಿ. ಅವರ ವಿನ್ಯಾಸವನ್ನು ಹಾಗೇ ಎತ್ತಿ ಪ್ರಿಂಟ್ ಮಾಡಬೇಡಿ. ಅಂಚಿನಿಂದ ನಡುವಿಗೆ ಬರುವ ಆ ಕ್ರಮ ನಿಮ್ಮ ಬ್ಲಾಕಿಗೆ ಏನು ಕಲಿಸುತ್ತದೆ ಅಂತ ಯೋಚಿಸಿ.

ಕೊನೆಗೆ, ಸರಣಿಯನ್ನು ಒಂದಾಗಿ ಹಿಡಿಯುವುದು ಹೇಗೆ ಅನ್ನುವುದು. ಇದಕ್ಕೆ ಕಪ್ಪು ಅಮೆರಿಕನ್ ಚಿತ್ರಕಾರ ಜೇಕಬ್ ಲಾರೆನ್ಸ್ ಅವರನ್ನು ನೋಡಿ. 1940-41ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ದಕ್ಷಿಣದಿಂದ ಉತ್ತರದ ನಗರಗಳಿಗೆ ವಲಸೆ ಹೋದ ಕಪ್ಪು ಜನರ ಮೇಲೆ 60 ಚಿತ್ರ ಮಾಡಿದರು. ಮೊದಲು ನ್ಯೂಯಾರ್ಕಿನ ಹಾರ್ಲೆಮ್‌ನ ಲೈಬ್ರರಿಯಲ್ಲಿ ಕೂತು ಓದಿದರು. ಪ್ರತಿ ಚಿತ್ರಕ್ಕೂ ಒಂದೊಂದು ಸಾಲು ಬರೆದುಕೊಂಡರು. ಆಮೇಲೆ 60 ಹಲಗೆಗಳನ್ನೂ ಒಟ್ಟಿಗೆ ಹರಡಿ, ಒಂದು ಬಣ್ಣ ಕಲಸಿ ಅದು ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಹಚ್ಚಿ ಮುಗಿಸಿ, ಮುಂದಿನ ಬಣ್ಣಕ್ಕೆ ಹೋದರು. ಗಾಢ ಬಣ್ಣದಿಂದ ತಿಳಿ ಬಣ್ಣಕ್ಕೆ. ಅದಕ್ಕೇ ಮೊದಲ ಚಿತ್ರದ ಹಸಿರೂ ಕೊನೆಯ ಚಿತ್ರದ ಹಸಿರೂ ಒಂದೇ. ನೀವೂ ಹಾಗೇ ಮಾಡಬಹುದು. ಎಂಟು ಬ್ಲಾಕ್ ಬೇಡ, ಆರು ಸಾಕು. ಸರಪಳಿ ಬಿಟ್ಟುಬಿಡಿ. ಆರಕ್ಕೂ ಒಂದೊಂದು ಸಾಲು ಬರೆಯಿರಿ, ಹೆಸರು, ಊರು, ವರ್ಷ ಇರುವ ಸಾಲು. ಆರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಅಗಲ ಉಳಿಯ ಕೆಲಸ ಎಲ್ಲದರಲ್ಲೂ ಮುಗಿಸಿದ ಮೇಲೆ ಸಣ್ಣ ಉಳಿ ಹಿಡಿಯಿರಿ. ಲಿನೋ ಗಟ್ಟಿ ಅನ್ನಿಸಿದರೆ ಐದು ನಿಮಿಷ ಬಿಸಿಲಿಗೆ ಇಡಿ. ಫಲಕದ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಬರಬೇಕು, ಟ್ರೇಸಿಂಗ್ ಹಾಳೆ ಮಗುಚಿ ಹಾಕಿ. ಕಾಗುಣಿತದ ಕೊಂಬುಗಳು ಅಲ್ಲೇ ತಪ್ಪುವುದು.

ಮೊದಲು ಈರುಳ್ಳಿಯನ್ನೇ ಮಾಡಿ. ಆರು ಇಂಚಿನ ಸಣ್ಣ ಬ್ಲಾಕ್ ಸಾಕು. ಅಡುಗೆಮನೆಯಿಂದ ಒಂದು ತಂದು ಬೆಳಕಿಗೆ ಹಿಡಿದು ನೋಡಿ, ಸಿಪ್ಪೆಯ ಗೆರೆಗಳು ಬುಡದಿಂದ ತುದಿಗೆ ಹೇಗೆ ಓಡುತ್ತವೆ ಅಂತ. ನಡುವೆ ಅಗಲವಾಗಿ, ಎರಡು ಕಡೆ ಒತ್ತಾಗಿ. ಆ ಗೆರೆಗಳ ಹಿಂದೆಯೇ ವಿ-ಆಕಾರದ ತುದಿಯ ಉಳಿ ಹೋಗಲಿ. ಜೊತೆಗೆ ಅದನ್ನು ಹಿಡಿದ ಕೈಯ ಹೆಬ್ಬೆರಳು ಕಾಣಲಿ. ಯಾರ ಕೈ ಅಂತ ಕೇಳಿದರೆ ಈಗ ನಿಮ್ಮ ಹತ್ತಿರ ಹೆಸರಿದೆ.